ಎಷ್ಟು ಹೊತ್ತು ನಿಂತಿದ್ದಿರಿ?

ನಮ್ಮ ಬೀದಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಯಾರೂ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೇನೋ ಮುಚ್ಚಿಡುವಂಥದ್ದು ನಡೆಯುತ್ತಿದೆ ಎಂದು ಅರ್ಥ. ಮರ್ಯಾದಸ್ಥರು ಮುಂಗೋಣೆಯ ದೊಡ್ಡ ಕಿಟಕಿಯನ್ನು ಹಾಗೇ ಬಿಟ್ಟು, ದೀಪದ ಕೆಳಗೆ ಕೂತು ಉಣ್ಣುತ್ತಾರೆ, ಜಗಳ ಆಡುತ್ತಾರೆ, ತೂಕಡಿಸುತ್ತಾರೆ. ಬೀದಿಯಲ್ಲಿ ಹೋಗುವವರು ಒಳಗೆ ನೋಡುವುದಿಲ್ಲ. ಇದು ಎರಡನೆಯ ನಿಯಮ, ಮೊದಲನೆಯದಕ್ಕಿಂತ ಗಟ್ಟಿ. ಹಾದು ಹೋಗುವಾಗ ಕಣ್ಣು ತಾನಾಗಿ ಹೊರಳಿದರೆ ಅದು ಕಣ್ಣಿನ ತಪ್ಪು, ಅದಕ್ಕೆ ಕ್ಷಮೆ ಇದೆ. ನಿಂತು ನೋಡಿದವರಿಗೆ ಇಲ್ಲ. ಹಿಂದೊಮ್ಮೆ ಹಾಲಿನವನ ಹೆಂಡತಿ ಯಾವುದೋ ಮಾತಿಗೆ "ನಾನೇ ನಿಂತು ನೋಡಿದೆ ಕಣ್ರೀ" ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟಳು. ಸಾಯುವವರೆಗೂ ಅವಳನ್ನು ಯಾರೂ ಕಾಫಿಗೆ ಕರೆಯಲಿಲ್ಲ. ಶವಪೆಟ್ಟಿಗೆ ಹೊರಲು ಸಹ ಪಕ್ಕದ ಊರಿಂದ ಕೂಲಿಯವರು ಬರಬೇಕಾಯಿತು.

ಅಲೈಡಾ ಕೋಯ್ಮನ್ ನಿಂತು ನೋಡುತ್ತಿದ್ದಳು.

ಎಂಬತ್ತಕ್ಕೆ ಹತ್ತಿರದ ವಿಧವೆ. ಗಂಡ ಇದ್ದಾಗ ಚರ್ಚಿನ ಹಿರಿಯ, ತಾನು ಈಗಲೂ ಭಾನುವಾರ ಮುಂದಿನ ಬೆಂಚಿನವಳು. ಬೀದಿ ಬಂದರಿನ ಕಡೆ ತಿರುಗುವ ಮೂಲೆಯಲ್ಲಿ ನಿವೃತ್ತ ಮೇಷ್ಟ್ರು ಫಾನ್ ಓಮ್ಮರೆನ್ ಒಬ್ಬರೇ ಇದ್ದರು. ಅವರ ಕಿಟಕಿಯ ಎದುರಿಗೆ ಒಂದು ಲಿಂಡನ್ ಮರ. ಸಂಜೆ ನಾಯಿಗೆ ಗಾಳಿ ಬೇಕೆಂಬ ನೆಪದಲ್ಲಿ ಅಲೈಡಾ ಮನೆ ಬಿಟ್ಟು ಆ ಮರದ ಬಳಿ ಬಂದು ನಿಲ್ಲುವಳು. ನಾಯಿಗೂ ಅಭ್ಯಾಸವಾಗಿ, ಅಲ್ಲಿಗೆ ಬಂದೊಡನೆ ಕಲ್ಲುಹಾಸಿನ ಮೇಲೆ ಮಲಗಿಬಿಡುತ್ತಿತ್ತು. ಒಳಗೆ ಮೇಷ್ಟ್ರು ಓದುತ್ತಿದ್ದರು, ಕಿತ್ತಳೆ ಸುಲಿಯುತ್ತಿದ್ದರು, ಹಣೆಯ ಮೇಲೇ ಇದ್ದ ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡುತ್ತಿದ್ದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಅವಳು ನೋಡುತ್ತಿದ್ದಳು. ಗಂಡನನ್ನು ಮಣ್ಣು ಮಾಡಿದ ದಿನ ಮೇಷ್ಟ್ರು ಅವಳ ಕೈಯನ್ನು ಬೇರೆಯವರಿಗಿಂತ ಒಂದಿಷ್ಟು ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಆ ಒಂದಿಷ್ಟರ ಮೇಲೆ ಅವಳು ಒಂಬತ್ತು ವರ್ಷ ಬದುಕಿದ್ದಳು. ಪ್ರೀತಿ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಆದರೆ ಅದು ಪ್ರೀತಿಯೇ.

ನವೆಂಬರಿನ ಆ ಶನಿವಾರ ಒಳಗೆ ವೌಟರ್ ಡ್ರೋಸ್ಟ್ ಇದ್ದ. ದೋಣಿಗಳ ಹಾಯಿ ಹೊಲಿಯುವವನು, ನಲವತ್ತು ದಾಟಿದವನು. ಬಾಯಿ ಸ್ವಲ್ಪ ಜೋರು. ಹುಡುಗನಾಗಿದ್ದಾಗ ಬಂದರಿನಲ್ಲಿ ಹೊಡೆದಾಡಿ ಒಬ್ಬನ ಹಲ್ಲು ಉದುರಿಸಿ ಪೋಲೀಸು ಠಾಣೆಗೂ ಹೋಗಿ ಬಂದವನು. ಮೇಷ್ಟ್ರ ಹಳೆಯ ಶಿಷ್ಯ. ಮೇಷ್ಟ್ರಿಗೆ ಭುಜ ಮೇಲೇಳದಂತಾದ ಮೇಲೆ ಪ್ರತಿ ಶನಿವಾರ ಬಂದು ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು ಹೋಗುತ್ತಿದ್ದ. ಆ ಸಂಜೆಯೂ ಅವನು ಮೇಷ್ಟ್ರ ಕುರ್ಚಿಯ ಹಿಂದೆ ನಿಂತು, ಹಿತ್ತಾಳೆಯ ಕೀಲಿ ಹಿಡಿದ ಕೈಯನ್ನು ಮೇಲೆತ್ತಿದ. ಕೈ ಗಡಿಯಾರಕ್ಕೆ ಹೋಯಿತು, ಕೀಲಿ ತಿರುಗಿತು. ಇಬ್ಬರೂ ಏನಕ್ಕೋ ನಕ್ಕರು. ಆಮೇಲೆ ಮೇಷ್ಟ್ರು ಬಾಗಿಲವರೆಗೆ ಬಂದು ಅವನ ಬೆನ್ನು ತಟ್ಟಿ ಕಳಿಸಿದರು. ಅಲೈಡಾ ಮರದ ಹಿಂದೆ ಸರಿದುಕೊಂಡಳು. ವೌಟರ್ ಹೋದ. ಮೇಷ್ಟ್ರು ಬಾಗಿಲು ಹಾಕಿ, ದೀಪ ಆರಿಸಿ, ಮಹಡಿಗೆ ಹೋದರು. ಇಷ್ಟನ್ನೂ ಅವಳು ಕಣ್ಣಾರೆ ಕಂಡಳು.

ಮಾರನೆಯ ದಿನ ಮೇಷ್ಟ್ರು ಚರ್ಚಿಗೆ ಬರಲಿಲ್ಲ. ಎಳೆದರೆ ತಾನೇ ಬೀಗ ಬೀಳುವ ಬಾಗಿಲನ್ನು ಒಡೆದು ನೋಡಿದರೆ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು, ತಲೆಯ ಹಿಂಭಾಗ ಒಡೆದಿತ್ತು. ನಮ್ಮ ಮನೆಗಳ ಮೆಟ್ಟಿಲೆಂದರೆ ಏಣಿಗೆ ತಮ್ಮ. ಕತ್ತಲಲ್ಲಿ ನೀರು ಕುಡಿಯಲೋ ಇನ್ನೇನಕ್ಕೋ ಇಳಿದ ಮುದುಕರು ಜಾರಿ ಸಾಯುವುದು ನಮ್ಮ ಊರಿಗೆ ಹೊಸದಲ್ಲ. ಬಿದ್ದೂ ಹೀಗಾಗಬಹುದು, ಹೊಡೆದೂ ಹೀಗಾಗಬಹುದು ಎಂದರು ಡಾಕ್ಟರು. ಹಿಂದಿನ ವಾರವಷ್ಟೇ ಮೇಷ್ಟ್ರ ಹಳೆಯ ದೋಣಿಯ ವಿಷಯಕ್ಕೆ ವೌಟರ್ ಅವರ ಹತ್ತಿರ ಬೀದಿಗೆ ಕೇಳುವಂತೆ ಕೂಗಾಡಿದ್ದು ಎಲ್ಲರಿಗೂ ನೆನಪಿತ್ತು. ಹಾಗಾಗಿ ಪೋಲೀಸರು ಮನೆ ಮನೆಗೆ ಬಂದರು.

ಅಲೈಡಾಳ ಮನೆಗೆ ಬಂದವನು ಇದೇ ಸೀಮೆಯವನು, ನಡುವಯಸ್ಸಿನವನು, ಬೂಟು ಒರೆಸಿಕೊಂಡು ಒಳಗೆ ಬಂದವನು.

"ಅಮ್ಮಾವ್ರೆ, ಶನಿವಾರ ಸಾಯಂಕಾಲ ಏನಾದ್ರೂ ಕಣ್ಣಿಗೆ ಬಿತ್ತಾ?"

"ನಾಯಿ ಕರ್ಕೊಂಡು ಹೋಗಿದ್ದೆ. ಮೇಷ್ಟ್ರ ಮನೇಲಿ ವೌಟರ್ ಇದ್ದ. ಕೈ ಎತ್ತಿದ್ದ. ಕೈಯಲ್ಲಿ ಏನೋ ಹಿತ್ತಾಳೇದು ಹೊಳೀತಿತ್ತು."

ಗಡಿಯಾರದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಆ ಪುಣ್ಯಾತ್ಮ, ಮುದುಕಿಗೆ ಮುಜುಗರವಾಗಬಾರದೆಂದು, ತಾನೇ ದಾರಿ ಮಾಡಿಕೊಟ್ಟ.

"ಅಂದ್ರೆ ಹಾದು ಹೋಗ್ತಾ ನೋಡಿದ್ರಿ, ಅಲ್ವಾ?"

ಬೇರೆ ಸೀಮೆಯ ಪೋಲೀಸನಾಗಿದ್ದರೆ ಎಷ್ಟು ಹೊತ್ತು ನಿಂತಿದ್ದೆ, ಆಮೇಲೆ ಏನಾಯಿತು ಎಂದು ಕೇಳುತ್ತಿದ್ದ. ಇವನು ನಮ್ಮವನು, ಹಾಗೆ ಕೇಳಲು ಅವನಿಗೆ ನಾಚಿಕೆ. ಅವಳಿಗೂ ಅದು ಬಿಸಿಲಲ್ಲಿ ನೆರಳು ಸಿಕ್ಕಂತಾಯಿತು.

"ಹೌದಪ್ಪ, ಹಾದು ಹೋಗ್ತಾ."

"ಅಷ್ಟು ಸಾಕು ಬಿಡಿ. ನಿಮ್ಮನ್ನ ಕೋರ್ಟಿಗೆಲ್ಲ ಕರೆಯಲ್ಲ. ನಮ್ಮಲ್ಲಿ ಎಲ್ಲಾ ಕಾಗದದ ಮೇಲೇ ನಡೆಯುತ್ತೆ."

ನಡೆಯಿತು. ನಡೆದದ್ದು ಹೇಗೆಂದರೆ, ನ್ಯಾಯಾಧೀಶರು ಅವಳ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಆರೋಪಿ ಸತ್ತವನ ಹಿಂದೆ ನಿಂತು ಲೋಹದ ವಸ್ತುವನ್ನು ಎತ್ತಿ ಹಿಡಿದಿದ್ದ ಎಂದು ಅದರಲ್ಲಿ ಬರೆದಿತ್ತು. ಆ ಮುದುಕಿಯನ್ನು ಕರೆಸಿ, ಒಂದು ಪ್ರಶ್ನೆ ಕೇಳಬೇಕು ಎಂದು ವೌಟರನ ವಕೀಲೆ ಸಾಸ್ಕಿಯಾ ಫೋಸ್ ಅಂಗಲಾಚಿದಳು. ಹೇಳಿಕೆ ಸ್ಪಷ್ಟವಾಗಿದೆ, ವಯಸ್ಸಾದವರನ್ನು ಗೋಳಾಡಿಸುವುದು ಬೇಡ ಎಂದರು ನ್ಯಾಯಾಧೀಶರು. ಹಾಳೆಯನ್ನು ಪ್ರಶ್ನೆ ಕೇಳಲು ಯಾರಿಂದಾದೀತು? ವೌಟರನಿಗೆ ಎಂಟು ವರ್ಷ ಬಿತ್ತು.

 ಸುದ್ದಿ ಕೇಳಿದ ದಿನ ಅಲೈಡಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಷ್ಟು ಓದಿದವರು ತನ್ನ ಒಂದು ಮಾತಿನ ಮೇಲೆ ಯಾರನ್ನಾದರೂ ಒಳಗೆ ಹಾಕುತ್ತಾರೆಯೇ? ಬೇರೆ ಏನೋ ಸಿಕ್ಕಿರಬೇಕು. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ? ಬೆಂಕಿ ಇರಲಿಲ್ಲವೆಂದು ಲೋಕದಲ್ಲಿ ಖಚಿತವಾಗಿ ಬಲ್ಲವಳು ತಾನೊಬ್ಬಳೇ ಎಂಬುದನ್ನು ಮಾತ್ರ ಅವಳು ಯೋಚಿಸದೆ ಬಿಟ್ಟಳು.

ಮೇಲಿನ ಕೋರ್ಟಿನಲ್ಲಿ ಗಾಳಿ ಬೇರೆಯಾಗಿತ್ತು. ಅದಕ್ಕೂ ಮೊದಲು ವಕೀಲೆ ಫೋಸ್ ನಮ್ಮ ಬೀದಿಗೆ ಬಂದು ಒಂದೊಂದು ಬಾಗಿಲೂ ತಟ್ಟಿದ್ದಳು. ಆ ಶನಿವಾರ ಮೇಷ್ಟ್ರ ಮನೆ ಕಡೆ ಯಾರಾದರೂ ಏನಾದರೂ ಕಂಡಿರಾ? ಎಲ್ಲ ಬಾಗಿಲಲ್ಲೂ ಒಂದೇ ಉತ್ತರ.

"ನಮ್ಮ ಬೀದೀಲಿ ಯಾರೂ ಕಿಟಕಿ ಆಚೆ ನೋಡಲ್ಲ ಕಣಮ್ಮ," ಎಂದಿದ್ದಳು ಹಿಲ್ಲಿ, ಅಲೈಡಾಳ ಎದುರುಮನೆಯವಳು. "ನಮಗೆ ನಮ್ಮ ಕೆಲಸಾನೇ ಸಾಕಷ್ಟಿದೆ."

ಹೀಗಾಗಿ ಉಳಿದವಳು ಅಲೈಡಾ ಒಬ್ಬಳೇ. ಆರೋಪಿಗೆ ತನ್ನ ವಿರುದ್ಧ ಮಾತಾಡಿದವಳನ್ನು ಪ್ರಶ್ನಿಸುವ ಹಕ್ಕಿದೆ, ಅವಳು ಬರಬೇಕು ಎಂದು ಮೇಲಿನ ಕೋರ್ಟು ಆಜ್ಞೆ ಮಾಡಿತು.

ಕರೆ ಬಂದ ವಾರ ವೌಟರನ ಹೆಂಡತಿ ಗೋಂಡಾ ಬಾಗಿಲಿಗೆ ಬಂದಳು. ಮೊದಲು ತುಂಬಿದ ಕೆನ್ನೆಯ ಹೆಂಗಸು, ಈಗ ಕೋಟು ಅವಳ ಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು. ಕೂರು ಎಂದರೂ ಕೂರಲಿಲ್ಲ. ಬೀದಿಯ ಕಿರಿಯರಿಗೆಲ್ಲ ಅಲೈಡಾ ಅತ್ತೆಯೇ, ನೆಂಟಸ್ತನ ಏನೂ ಇಲ್ಲ.

"ಅತ್ತೆ, ಒಂದು ಮಾತು ಹೇಳಿ ಹೋಗ್ತೀನಿ. ನಿಮ್ಮ ಎದೆ ನೋವು ಅಂತ ಡಾಕ್ಟರ್ ಹೇಳಿದ್ರೆ ನೀವು ಬರಬೇಕಾಗಿಲ್ಲ. ನಮ್ಮ ವಕೀಲೆ ಅದೇ ಒಳ್ಳೇದು ಅಂತಾರೆ. ಕೇಳೋಕೇ ಸಿಗದ ಒಬ್ಬರ ಮಾತಿನ ಮೇಲೆ ಜನಾನ ಜೈಲಿಗೆ ಹಾಕೋ ಹಾಗಿಲ್ವಂತೆ. ನೀವು ಬರದೇ ಇದ್ರೆ ನಮ್ಮವರು ಬಿಡುಗಡೆಯಾಗಿ ಮನೆಗೆ ಬರ್ತಾರಂತೆ."

"ಹಾಗಾದ್ರೆ ನಾನು ಬರ್ಲೋ, ಬೇಡ್ವೋ?"

"ಬನ್ನಿ ಅಂತಾರೆ ವೌಟರ್. ವಕೀಲೆ ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಹಾಗೆ ಬಿಡುಗಡೆಯಾದ್ರೆ ಊರು ನನ್ನ ಕೊಲೆಗಾರ ಅಂತಲೇ ಕರೆಯುತ್ತೆ, ಅತ್ತೆ ಬಂದು ಎದುರಿಗೆ ನಿಂತು ಹೇಳ್ಲಿ, ಅವರು ನನ್ನ ಮುಖ ನೋಡ್ತಾ ಸುಳ್ಳು ಹೇಳೋರಲ್ಲ ಅಂತಾರೆ." ಗೋಂಡಾ ಮೂಗು ಒರೆಸಿಕೊಂಡಳು. "ಚಿಕ್ಕವರಿದ್ದಾಗ ನಿಮ್ಮ ಮನೇಲಿ ಬ್ರೆಡ್ಡು ಜಾಮು ತಿಂದು ಬೆಳೆದವರಂತಲ್ಲ."

ಅಲೈಡಾ ಅವಳ ಕೈ ಹಿಡಿದಳು. ಆ ಗಳಿಗೆಯಲ್ಲಿ ಅವಳ ಮನಸ್ಸು ಶುದ್ಧವಾಗಿತ್ತು, ಅದನ್ನು ಒಪ್ಪಬೇಕು.

"ಬರ್ತೀನಿ ಮಗಳೇ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಕೋರ್ಟಿಗೆ ಹೋಗುವ ರೈಲಿನಲ್ಲಿ ಉದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದಳು. ನಿಂತಿದ್ದೆ. ದಿನಾ ನಿಲ್ಲುತ್ತಿದ್ದೆ. ಕಿಟಕಿಗೆ ಮುಖ ಮಾಡಿಕೊಂಡು ತುಟಿ ಅಲ್ಲಾಡಿಸಿದಳು. ಎದುರಿಗೆ ಕೂತವನು ಜಪ ಎಂದುಕೊಂಡಿರಬೇಕು, ಗೌರವದಿಂದ ಕಾಲು ಮಡಚಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅವಳಿಗೂ ಗೊತ್ತಿತ್ತು. ಹಿಲ್ಲಿ ಏನನ್ನುತ್ತಾಳೆ, ಪಾದ್ರಿ ಏನನ್ನುತ್ತಾರೆ, ಮುಂದಿನ ಬೆಂಚಿನಲ್ಲಿ ಪಕ್ಕದವಳು ಲಂಗ ಎಳೆದುಕೊಂಡು ದೂರ ಸರಿಯುತ್ತಾಳೆಯೇ? ಸರಿಯಲಿ. ಬ್ರೆಡ್ಡು ಕೊಟ್ಟ ಹುಡುಗ ಜೈಲಿನಲ್ಲಿ ಕೊಳೆಯುವುದಕ್ಕಿಂತ ಅದು ದೊಡ್ಡದಲ್ಲ. ಹೀಗೆಂದುಕೊಂಡಾಗ ಎದೆ ನಿಜವಾಗಿಯೂ ಹಗುರಾಯಿತು.

ಕೋರ್ಟಿನ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎತ್ತರದಲ್ಲಿ ಮೂವರು ನ್ಯಾಯಾಧೀಶರು, ನಡುವಿನಾಕೆ ಬೆಳ್ಳಿಗೂದಲ ಹೆಂಗಸು. ಒಂದು ಬದಿಗೆ ಸರ್ಕಾರಿ ವಕೀಲ, ಇನ್ನೊಂದು ಬದಿಗೆ ಫೋಸ್, ಅವಳ ಪಕ್ಕದಲ್ಲಿ ವೌಟರ್. ಹಿಂದೆ ಜನರ ಬೆಂಚಿನಲ್ಲಿ ಗೋಂಡಾ, ಪತ್ರಿಕೆಯವರು ಇಬ್ಬರು, ಕಾನೂನು ಓದುವ ಹುಡುಗ ಹುಡುಗಿಯರ ಒಂದು ಸಾಲು. ಅಲೈಡಾ ಎರಡು ಬೆರಳೆತ್ತಿ, ಸತ್ಯವನ್ನೇ ಹೇಳುತ್ತೇನೆ, ದೇವರು ನನಗೆ ನೆರವಾಗಲಿ ಎಂದು ಪ್ರಮಾಣ ಮಾಡಿದಳು. ವೌಟರ್ ಅವಳನ್ನು ನೋಡಿ ತಲೆಬಾಗಿಸಿದ. ಬಡವಾಗಿದ್ದ. ಕೂದಲು ಹೋಗಿತ್ತು.

ಫೋಸ್ ಎದ್ದು ನಿಂತಳು. ಮೃದುವಾಗಿಯೇ ಶುರುಮಾಡಿದಳು.

"ಕೋಯ್ಮನ್ ಅಮ್ಮಾವ್ರೆ, ದಿನಾ ಸಂಜೆ ನಾಯಿ ಕರ್ಕೊಂಡು ಹೋಗೋ ಅಭ್ಯಾಸವಾ ನಿಮಗೆ?"

"ಹೌದು."

"ಮೇಷ್ಟ್ರ ಮನೆ ಮುಂದೇನೇ ಹೋಗ್ತೀರಾ?"

"ಹೌದು."

"ಆ ಶನಿವಾರ ಕಿಟಕಿಯಿಂದ ಒಳಗೆ ನೋಡಿದ್ರಿ. ಕೈ ಎತ್ತಿದ್ದು ಕಾಣಿಸ್ತು. ಅಮ್ಮಾವ್ರೆ, ಅವಸರ ಇಲ್ಲ, ಯೋಚನೆ ಮಾಡಿ ಹೇಳಿ. ಅಲ್ಲಿ ಎಷ್ಟು ಹೊತ್ತು ನಿಂತಿದ್ರಿ?"

ಅದೇ ಪ್ರಶ್ನೆ.  ರೈಲಿನಲ್ಲಿ ಸಲೀಸಾಗಿ ಬಂದ ಮಾತು ಈಗ ಬರಲಿಲ್ಲ. ನಡುವಿನ ನ್ಯಾಯಾಧೀಶೆ ನೀರು ಕೊಡಿಸಿದಳು. ಅಲೈಡಾ ಕುಡಿದಳು. ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು.

"ಸ್ವಲ್ಪ..." ಎಂದಳು.  "ಸ್ವಲ್ಪ ಹೊತ್ತು..."

ಫೋಸ್ ಕಾದಳು. ಅವಳು ಹಾಗೇ ಕಾದಿದ್ದರೆ ಸಾಕಿತ್ತು. ಇನ್ನೊಂದು ನಿಮಿಷ ಇಡೀ ಕೋಣೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಮುದುಕಿ ಹೇಳಿಬಿಡುತ್ತಿದ್ದಳು. ಆದರೆ ವೌಟರ್ ಒಂದು ವರ್ಷಕ್ಕೂ ಮೇಲೆ ಕಾದವನು. ಅವನು ಕೈ ಎತ್ತಿದ.

"ತಾಯಿ, ನಾನೇ ಒಂದು ಮಾತು ಕೇಳಬಹುದಾ?"

ಫೋಸ್ ಅವನ ತೋಳು ಹಿಡಿದಳು. ನ್ಯಾಯಾಧೀಶೆ ಕೇಳಬಹುದು ಎಂದಳು. ಅದು ಅವನ ಹಕ್ಕು, ಅದಕ್ಕಾಗಿಯೇ ಇಷ್ಟೆಲ್ಲ ನಡೆದದ್ದು.

"ಅತ್ತೆ," ಎಂದ ವೌಟರ್. ದನಿಯಲ್ಲಿ ಸಿಟ್ಟಿರಲಿಲ್ಲ. ಪಾಪ, ಅವಳ ಸಂಕೋಚ ಬಿಡಿಸಲು ಹೊರಟಿದ್ದ. "ಅತ್ತೆ, ನಾಚ್ಕೋಬೇಡಿ. ನೀವು ನಿಂತಿದ್ರಿ ಅಂತ ನಂಗೊತ್ತು. ದಿನಾ ನಿಲ್ತಿದ್ರಿ ಅಂತಾನೂ ಗೊತ್ತು. ಮೇಷ್ಟ್ರಿಗೂ ಗೊತ್ತಿತ್ತು. ಅವರೇ ನಂಗೆ ತೋರಿಸಿದ್ದು. ಆ ಶನಿವಾರ ನಾನು ಕೀಲಿ ಕೊಡ್ತಾ, ಪರದೆ ಎಳೀಲಾ ಮೇಷ್ಟ್ರೆ, ಮರದ ಹತ್ರ ಮತ್ತೆ ಬಂದು ನಿಂತಿದ್ದಾರೆ ಅಂದೆ. ಬೇಡ ಬಿಡಪ್ಪ, ಅವಳಿಗೆ ಬೇರೆ ಟಿವಿ ಇಲ್ಲ, ನೋಡ್ಕೊಳ್ಲಿ ಅಂದ್ರು. ಇಬ್ರೂ ನಕ್ವಿ. ನಾವು ನಕ್ಕಿದ್ದೂ ನೀವು ನೋಡಿರ್ಬೇಕು. ಹಾಗಾಗಿ ಇದರಲ್ಲಿ ಮುಚ್ಚಿಡೋದೇನೂ ಇಲ್ಲ ಅತ್ತೆ. ಎಷ್ಟು ಹೊತ್ತು ನಿಂತಿದ್ರಿ, ಹೇಳಿಬಿಡಿ."

ಹಿಂದಿನ ಬೆಂಚಿನಲ್ಲಿ ಒಂದು ಹುಡುಗಿ ಕಿಸಕ್ಕೆಂದಳು. ತಕ್ಷಣ ಕೈ ಅಡ್ಡ ಹಿಡಿದಳು, ಆದರೆ ನಗು ಆಗಲೇ ಪಕ್ಕದವನಿಗೆ ದಾಟಿತ್ತು. ಪತ್ರಿಕೆಯವನೊಬ್ಬ ತಲೆ ತಗ್ಗಿಸಿ ಬರೆದುಕೊಂಡ.

 ಬೇರೆ ಟಿವಿ ಇಲ್ಲ. ಆ ದನಿ ಅಲೈಡಾಳಿಗೆ ಕೇಳಿಸಿತು, ಮೇಷ್ಟ್ರು ಹಾಗೆಯೇ ಹೇಳಿರುತ್ತಾರೆ, ಕಿತ್ತಳೆಯ ತೊಳೆ ಬಾಯಿಗೆ ಹಾಕಿಕೊಳ್ಳುತ್ತಾ. ಒಂಬತ್ತು ವರ್ಷ ಮಳೆಯಲ್ಲಿ, ಹಿಮದಲ್ಲಿ, ಕಾಲು ಮರಗಟ್ಟುವವರೆಗೆ ನಿಂತದ್ದು ಅವರಿಗೆ ಶನಿವಾರದ ತಮಾಷೆ. ಆ ನಗು. ಅವರು ಸಂತೋಷವಾಗಿದ್ದಾರೆ ಎಂದು ಅವತ್ತು ತಾನೂ ಮರದ ಕೆಳಗೆ ಅವರ ಜೊತೆ ನಕ್ಕಿದ್ದಳಲ್ಲ! ಮೈಯೆಲ್ಲ ಕಾದ ಹೆಂಚಾಯಿತು. ಸತ್ತವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರುವುದಿಲ್ಲ. ಬದುಕಿದ್ದವನು ಎದುರಿಗೇ ಕೂತಿದ್ದ, ಕಣ್ಣಲ್ಲಿ ಕರುಣೆ ತುಂಬಿಕೊಂಡು. ಆ ಕರುಣೆಯನ್ನು ಅವಳು ಕ್ಷಮಿಸಲಾರದೆ ಹೋದಳು.

ಬೆನ್ನು ನೆಟ್ಟಗೆ ಮಾಡಿದಳು.

"ನಾನು ನಿಂತಿರಲಿಲ್ಲ," ಎಂದಳು. "ಹಾದು ಹೋಗ್ತಾ ಇದ್ದೆ. ಒಂದು ಸಲ ಕಣ್ಣು ಬಿತ್ತು, ಅಷ್ಟೇ. ಈ ಮನುಷ್ಯ ಯಾಕೆ ಹೀಗೆಲ್ಲ ಹೇಳ್ತಿದಾನೋ ನಂಗೊತ್ತಿಲ್ಲ. ಪಾಪ, ಕಷ್ಟದಲ್ಲಿರೋರು ಏನು ಬೇಕಾದ್ರೂ ಹೇಳ್ತಾರೆ."

ವೌಟರನಿಗೆ ಅರ್ಥವೇ ಆಗಲಿಲ್ಲ.

"ಅತ್ತೆ, ನಾನು ಹೊರಟಾಗ ಮೇಷ್ಟ್ರು ಬಾಗಿಲಿಗೆ ಬಂದು ಬೆನ್ನು ತಟ್ಟಿದ್ರಲ್ಲ. ನೀವು ಮರದ ಹಿಂದಕ್ಕೆ ಸರಿದ್ರಿ, ನಾಯಿ ಬಾಲ ಈಚೆಗೇ ಇತ್ತು. ಬೇಕಂತಲೇ ನಾನು ಆ ಕಡೆ ನೋಡಲಿಲ್ಲ, ನಿಮಗೆ ನಾಚಿಕೆ ಆಗಬಾರದು ಅಂತ. ನೆನಪು ಮಾಡ್ಕೊಳ್ಳಿ."

"ನಾನು ಅಲ್ಲಿರಲೇ ಇಲ್ವಲ್ಲಪ್ಪ, ನೆನಪು ಎಲ್ಲಿಂದ ತರ್ಲಿ?"

"ಗಡಿಯಾರಕ್ಕೆ ಕೀಲಿ ಕೊಟ್ಟಿದ್ದು?"

"ಗಡಿಯಾರ ಗಿಡಿಯಾರ ನಂಗೆ ಕಾಣಿಸ್ಲಿಲ್ಲ."

ಇದನ್ನು ಹೇಳುವಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಅವಳಿಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ. ಹಿಂದೆ ಗೋಂಡಾ ಏನೋ ಕೂಗಿದಳು, ನ್ಯಾಯಾಧೀಶೆ ಅವಳನ್ನು ಗದರಿ ಕೂರಿಸಿದಳು.

ಈಗ ಸರ್ಕಾರಿ ವಕೀಲ ಎದ್ದ. ಅವನಿಗೆ ಇದ್ದದ್ದು ಒಂದೇ ಸಂದೇಹ. ಎತ್ತಿದ ಕೈ ಎಂದಷ್ಟೇ ಹೇಳಿಕೆಯಲ್ಲಿದೆ. ಅದು ಎತ್ತ ಹೋಗುತ್ತಿತ್ತು, ಮೇಲಕ್ಕೋ ಕೆಳಕ್ಕೋ?

ಅವಳು ಗೊತ್ತಿಲ್ಲ ಎನ್ನಬಹುದಿತ್ತು. ಹಾದು ಹೋಗುವವಳಿಗೆ ಅಷ್ಟೆಲ್ಲ ಕಾಣುವುದಿಲ್ಲ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಷ್ಟರಲ್ಲಿ ಆ ಹುಡುಗಿಯ ಕಡೆ ಅವಳ ಕಣ್ಣು ಹೋಯಿತು. ಹುಡುಗಿ ಇನ್ನೂ ತುಟಿ ಕಚ್ಚಿಕೊಂಡೇ ಇದ್ದಳು.

"ಕೆಳಕ್ಕೆ," ಎಂದಳು ಅಲೈಡಾ. "ಮೇಷ್ಟ್ರ ತಲೆ ಕಡೆಗೆ."

ಹುಡುಗಿಯ ನಗು ನಿಂತುಹೋಯಿತು.  ಅಲೈಡಾಳಿಗೆ ಅದೇ ಬೇಕಾಗಿತ್ತು, ಸಿಕ್ಕಿತು.

ವೌಟರನಿಗೆ ಇನ್ನೇನಾದರೂ ಕೇಳುವುದಿದೆಯೇ ಎಂದು ನ್ಯಾಯಾಧೀಶೆ ವಿಚಾರಿಸಿದಳು. ಆಕೆ ನಿಜಕ್ಕೂ ಒಳ್ಳೆಯವಳು, ಎರಡು ಸಲ ಕೇಳಿದಳು. ವೌಟರ್ ಇಲ್ಲವೆಂದು ತಲೆಯಾಡಿಸಿದ. ಫೋಸ್ ತಾನೇ ಅರ್ಧ ಗಂಟೆ ಪ್ರಶ್ನೆ ಕೇಳಿದಳು, ಬೆಳಕು, ದೂರ, ಕನ್ನಡಕ, ನಾಯಿಯ ವಯಸ್ಸು, ಎಲ್ಲವನ್ನೂ. ಅಲೈಡಾ ಒಂದಕ್ಕೂ ತಡವರಿಸಲಿಲ್ಲ. ಒಮ್ಮೆ ನೀರಿಗೆ ಇಳಿದ ಮೇಲೆ ಮೊಣಕಾಲಾದರೇನು, ಕುತ್ತಿಗೆಯಾದರೇನು.

ಹೊರಗೆ ಪಡಸಾಲೆಯಲ್ಲಿ ಗೋಂಡಾ ಅವಳನ್ನು ಅಡ್ಡಗಟ್ಟಿದಳು. ಬೈಯುತ್ತಾಳೆ, ಉಗುಳುತ್ತಾಳೆ ಎಂದು ಅಲೈಡಾ ಚೀಲ ಎದೆಗೆ ಅವಚಿಕೊಂಡಳು. ಗೋಂಡಾ ಎರಡನ್ನೂ ಮಾಡಲಿಲ್ಲ.

"ಎದೆನೋವು ಅಂದಿದ್ರೆ ಸಾಕಿತ್ತಲ್ಲ ಅತ್ತೆ," ಎಂದಳು. "ಮನೇಲೇ ಇದ್ದಿದ್ರೆ ಸಾಕಿತ್ತಲ್ಲ."

"ನಾನಾಗೇ ಬಂದ್ನೇನೆ? ನಿಮ್ಮವನೇ ಕರೆಸಿದ್ದು," ಎಂದಳು ಅಲೈಡಾ, ಮತ್ತು ರೈಲಿಗೆ ಹೊತ್ತಾಯಿತೆಂದು ನಡೆದಳು.

ಹದಿನೈದು ದಿನ ಬಿಟ್ಟು ತೀರ್ಪು ಬಂತು. ಆವತ್ತು ಹಿಲ್ಲಿಯ ಮುಂಗೋಣೆಯಲ್ಲಿ ಕಾಫಿ. ಕಿಟಕಿಯ ಬಳಿ ಹಿಲ್ಲಿ, ಸೋಫಾದಲ್ಲಿ ಯೋಪಿ, ಅವಳು ಮೇಷ್ಟ್ರ ಪಕ್ಕದ ಮನೆಯವಳು, ಗೋಡೆಗೆ ಗೋಡೆ. ಒಳ್ಳೆಯ ಕುರ್ಚಿಯನ್ನು ಅಲೈಡಾಳಿಗೆ ಬಿಟ್ಟಿದ್ದರು. ಹಿಲ್ಲಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು.

"ಕೇಳ್ರೇ. 'ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕನ್ನು ಆರೋಪಿಯೂ ಅವನ ವಕೀಲರೂ ಪೂರ್ಣವಾಗಿ ಬಳಸಿಕೊಂಡಿದ್ದಾರೆ. ದೀರ್ಘ ಪ್ರಶ್ನೆಗಳ ಎದುರು ಸಾಕ್ಷಿ ಕದಲಲಿಲ್ಲ. ಆಕೆಯ ಮಾತನ್ನು ಸಂಶಯಿಸಲು ಈಗ ಕಾರಣ ಉಳಿದಿಲ್ಲ.' ಎಂಟಿದ್ದದ್ದು ಹತ್ತು ವರ್ಷ ಮಾಡಿದಾರೆ. ಮುದುಕಿಗೆ ಅವಮಾನ ಮಾಡಿದ, ಪಶ್ಚಾತ್ತಾಪ ಇಲ್ಲ ಅಂತ."

"ಗೋಂಡಾ ಊರು ಬಿಡ್ತಾಳಂತೆ," ಎಂದಳು ಯೋಪಿ.

"ಬಿಡ್ಲಿ. ಹಗಲು ಹೊತ್ತೂ ಪರದೆ ಎಳ್ಕೊಂಡು ಕೂತಿರ್ತಾಳೆ. ಬೀದಿಗೇ ಲಕ್ಷಣ ಅಲ್ಲ." ಹಿಲ್ಲಿ ಪತ್ರಿಕೆ ಮಡಚಿದಳು, ಅಲೈಡಾಳ ಕಡೆ ಬಾಗಿ ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಾದು ಹೋಗ್ತಿದ್ದೆ ಅಂದ್ಯಲ್ಲ, ಎಷ್ಟು ಒಳ್ಳೇದಾಯ್ತು ಗೊತ್ತಾ? ನಿಂತಿದ್ದೆ ಅಂದಿದ್ರೆ, ನಿಂತಿದ್ದನ್ನ ಕಂಡೋರು ಯಾರು ಅಂತ ನಮ್ಮನ್ನೂ ಎಳೀತಿದ್ರು."

ಅಲೈಡಾ ಬಟ್ಟಲು ಕೆಳಗಿಟ್ಟಳು.

"ಯಾರು ಕಂಡಿದ್ರು?"

"ಅಯ್ಯೋ, ಯಾರು ಅಂತೀಯಲ್ಲೇ! ನಾನು ಈ ಕುರ್ಚಿಯಿಂದ, ಯೋಪಿ ಅವಳ ಮಹಡಿಯಿಂದ. ನಿನ್ನ ನಾಯಿ ಮಲಗ್ತು ಅಂದ್ರೆ ನಾವು ಆಲೂಗಡ್ಡೆ ಒಲೆ ಮೇಲಿಡ್ತಿದ್ವಿ, ಗಡಿಯಾರವೇ ಬೇಡ. ಎಷ್ಟು ವರ್ಷದಿಂದ ಕಣೆ!"

"ನಾವೇನು ಬೇಕಂತ ನೋಡಿದ್ವಾ," ಎಂದಳು ಯೋಪಿ. "ಕಣ್ಣಿಗೆ ಬೀಳ್ತಿತ್ತು, ಏನ್ಮಾಡೋದು. ಆ ಶನಿವಾರಾನೂ ಅಷ್ಟೇ. ಪಾಪ, ಮೇಷ್ಟ್ರು ಬಾಗಿಲಿಗೆ ಬಂದು ಅವನ ಬೆನ್ನು ತಟ್ಟಿ..."

"ಯೋಪಿ," ಎಂದಳು ಹಿಲ್ಲಿ, "ನಿನ್ನ ಕಾಫಿ ಆರ್ತಾ ಇದೆ."

ಯೋಪಿ ಕಾಫಿ ಕುಡಿದಳು.  ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ, ಇಡೀ ಬೀದಿಯೇ ಹಾಗೆ ಕುಡಿಯುತ್ತಿತ್ತು. ಯಾವ ಮಾನ ಉಳಿಸಿಕೊಳ್ಳಲು ಅಲೈಡಾ ಒಬ್ಬನ ಹತ್ತು ವರ್ಷ ತೆತ್ತಳೋ ಆ ಮಾನ ಈ ಕುರ್ಚಿಯಲ್ಲಿ, ಆ ಮಹಡಿಯಲ್ಲಿ ಎಂದೋ ಹೋಗಿತ್ತು. ಅದು ಅವಳಿಗೆ ತಿಳಿಯಿತು, ಪೂರ್ತಿಯಾಗಿ ತಿಳಿಯಿತು. ಈಗ ಎದ್ದು ರೈಲು ಹತ್ತಿ ಆ ಬೆಳ್ಳಿಗೂದಲ ಹೆಂಗಸಿನ ಬಾಗಿಲು ತಟ್ಟುವುದಕ್ಕೆ ಯಾವ ನಾಚಿಕೆಯೂ ಅಡ್ಡ ಇರಲಿಲ್ಲ. ಕಾಲಿಗೂ ಶಕ್ತಿ ಇತ್ತು. ಮಧ್ಯಾಹ್ನದ ರೈಲೂ ಇತ್ತು.

ಹಿಲ್ಲಿ ಬಿಸ್ಕತ್ತಿನ ಡಬ್ಬ ತೆಗೆದು ಮುಂದೆ ಹಿಡಿದಳು. ನಮ್ಮಲ್ಲಿ ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುತ್ತಾರೆ, ಪಾದ್ರಿಗೂ ಅಷ್ಟೇ. ಅಲೈಡಾ ಆಗಲೇ ತನ್ನದನ್ನು ತಿಂದಿದ್ದಳು.

"ತಗೋ," ಎಂದಳು ಹಿಲ್ಲಿ. "ಇವತ್ತು ಇನ್ನೊಂದು ತಗೋ."

ಅಲೈಡಾ ಕೈ ಚಾಚಿ, ಮುರಿಯದೆ ಇದ್ದದ್ದನ್ನು ಆರಿಸಿ ತೆಗೆದುಕೊಂಡು, ಕಾಫಿಗೆ ಅದ್ದಿ ತಿಂದಳು.